ಇಂದಿನ ಚಿಂತನೆ: ಎಡೆ ಇಡದ ಮನೆಯಲ್ಲಿ ಅಪ್ಪನ ನೆನಪು

ಇಂದು ಚಿಂತನೆ ಬರೆಯುವ ಪಾಳಿ ನನ್ನದು. ನಮ್ಮಪ್ಪ ತೀರಿಕೊಂಡು ನಿನ್ನೆಗೆ ಒಂದು ವರ್ಷ ತುಂಬಿತು. ನಿನ್ನೆ ಕಮಲಾಪುರಕ್ಕೆ ಹೋಗಿ ರಾತ್ರಿ ಕಲಬುರಗಿಗೆ ಮರಳಿದೆವು. ಬೇರೆ ವಿಷಯ ಬರೆಯಲು ಮನಸ್ಸಾಗಲಿಲ್ಲ. ಹಿಂದಿನ ತಿಂಗಳು ನಾವು ಸಿಗಾಲ ಸುತ್ತವನ್ನು ಅರ್ಧಕ್ಕೆ ನಿಲ್ಲಿಸಿದ್ದೆವಲ್ಲ, ಅದನ್ನೇ ಇಟ್ಟುಕೊಂಡು ಅಪ್ಪನ ಬಗ್ಗೆ ಬರೆಯುತ್ತೇನೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ಅಪ್ಪನನ್ನು ನೋಡದವರಿಗೆ ನಾಲ್ಕು ಮಾತು. ಅಪ್ಪ ಕಮಲಾಪುರದವ. 1972ರ ಬರಗಾಲದಲ್ಲಿ ಊರಲ್ಲಿ ಕೂಲಿ ಸಿಗದೆ ಕಲಬುರಗಿಗೆ ಬಂದು ಗಂಜಿನಲ್ಲಿ ಹಮಾಲಿಗೆ ನಿಂತ. ಆಗ ತೊಗರಿ ಚೀಲ ಅಂದರೆ ಪೂರ್ತಿ ಒಂದು ಕ್ವಿಂಟಲ್. ಸುಗ್ಗಿಯಲ್ಲಿ ಬೆಳಗಿನಿಂದ ರಾತ್ರಿಯತನಕ ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ. ಹೆಗಲ ಹಿಂದೆ ಒಂದು ಗಂಟು ಎದ್ದಿತ್ತು. ಸಣ್ಣವನಿದ್ದಾಗ ಎಲ್ಲರ ಅಪ್ಪಂದಿರಿಗೂ ಅಂಥದೊಂದು ಗಂಟು ಇರುತ್ತದೆ ಎಂದೇ ನಾನು ತಿಳಿದಿದ್ದೆ. ಅಂಗಿ ತೆಗೆದು ಮಲಗಿದಾಗ ಅದರ ಮೇಲೆ ಬೆರಳಿಟ್ಟು ಆಡುತ್ತಿದ್ದೆ.

1968ರಲ್ಲಿ ಬಿ. ಶ್ಯಾಮಸುಂದರ್ ಅವರು ಕಲಬುರಗಿಯಲ್ಲಿ ಭೀಮ ಸೇನೆ ಕಟ್ಟಿದಾಗ ಅಪ್ಪ ಇನ್ನೂ ಹುಡುಗ. ಊರಿಗೆ ಬಂದ ಸುದ್ದಿ ಕೇಳಿಯೇ ತಲೆ ಎತ್ತಿ ನಡೆಯಲು ಕಲಿತೆವು ಎಂದು ಹೇಳುತ್ತಿದ್ದ. ಅಕ್ಷರ ಮಾತ್ರ ಬಂದಿರಲಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಸಂಜೆ ನನ್ನ ಪಾಟಿ ಎದುರು ಕೂತು, ನಾನು ಬರೆದದ್ದನ್ನೇ ತಾನೂ ತಿದ್ದಿದ. ಗಂಜಿನ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ದಿನ ಮನೆಗೆ ಅರ್ಧ ಡಜನ್ ಕೆಂಪು ಬಾಳೆಹಣ್ಣು ತಂದಿದ್ದ. ಕಮಲಾಪುರದ ಕೆಂಪು ಬಾಳೆ ಆಗಲೂ ತುಟ್ಟಿ, ಈಗಲೂ ತುಟ್ಟಿ. ನಮ್ಮೂರ ಹಣ್ಣಾದರೂ ನಮ್ಮ ಕೇರಿಯವರು ಅದರ ತೋಟದಲ್ಲಿ ದುಡಿದದ್ದೇ ಹೆಚ್ಚು, ತಿಂದದ್ದು ಕಡಿಮೆ.

ನಾನು ನಾಗಪುರದ ದೀಕ್ಷಾಭೂಮಿಗೆ ಹೋಗಿ ಬಂದವನು. ಅಪ್ಪ ಅವ್ವ ದೀಕ್ಷೆ ತಗೊಂಡದ್ದು ಆಮೇಲೆ, ಅದೂ ನಾನು ಗಂಟುಬಿದ್ದು. 2009ರ ಜನವರಿ 7ರಂದು ಕಲಬುರಗಿಯ ಬುದ್ಧ ವಿಹಾರವನ್ನು ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದರು. ಅದಾದ ಮೇಲೆ ಅಪ್ಪ ಒಬ್ಬನೇ ಸೇಡಂ ರಸ್ತೆಯ ಬಸ್ ಹಿಡಿದು ಅಲ್ಲಿಗೆ ಹೋಗಿ ಕೂತು ಬರುತ್ತಿದ್ದ. ಒಂದು ದಿನ ತಾನಾಗಿಯೇ, ‘ನನಗೂ ಅವು ಇಪ್ಪತ್ತೆರಡು ಹೇಳಿಕೊಡಪಾ’ ಅಂದ.

ಈಗ ನನ್ನ ತಪ್ಪಿನ ಮಾತು.

ಅಪ್ಪನನ್ನು ಕಮಲಾಪುರದಲ್ಲಿ ತ್ರಿಸರಣ ಪಂಚಶೀಲ ಹೇಳಿ ಮಣ್ಣು ಮಾಡಿದೆವು. ಮೂರನೇ ದಿನ ಊರ ಮನೆಯಲ್ಲಿ ನೆಂಟರೆಲ್ಲ ಕೂತಿದ್ದರು. ಅವ್ವ ಒಂದು ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಕೆಂಪು ಬಾಳೆಹಣ್ಣು ಇಟ್ಟು ಅಪ್ಪನ ಫೋಟೋ ಮುಂದೆ ತಂದಿಟ್ಟಳು. ಪಕ್ಕದಲ್ಲಿ ಒಂದು ಕಪ್ಪು ಚಹಾ. ನಾನು ಎದ್ದು ಹೋಗಿ ಆ ತಾಟು ಎತ್ತಿದೆ. ‘ಇದು ಎಡಿ ಅಲ್ಲೇನವ್ವಾ? ಪ್ರತಿಜ್ಞಾ ತಗೊಂಡಾಕಿ ನೀನೇ ಹಿಂಗ ಮಾಡಿದ್ರ ಹೆಂಗ?’ ಅಂದೆ. ಎಲ್ಲರೂ ಕೇಳುವ ಹಾಗೆ ಅಂದೆ. ಅವ್ವ ನನ್ನ ಕೈಯಿಂದ ತಾಟು ಇಸಕೊಂಡು, ‘ಆತಪಾ’ ಅಂದು ಒಳಗೆ ಹೋದಳು. ಚಹಾದ ಕಪ್ಪು ಅಲ್ಲೇ ಉಳಿದಿತ್ತು. ಅದನ್ನೂ ನಾನೇ ಎತ್ತಿ ಹೊರಗೆ ಚೆಲ್ಲಿದೆ.

ಆಮೇಲೆ ಎಷ್ಟೋ ತಿಂಗಳು ಅವ್ವ ನನ್ನ ಮುಂದೆ ಅಪ್ಪನ ಮಾತು ತೆಗೆಯಲಿಲ್ಲ. ನಾನು ಧಮ್ಮ ಉಳಿಸಿದೆ ಅಂದುಕೊಂಡೇ ಇದ್ದೆ. ಕಾಕಾ ಒಬ್ಬನೇ ಎದುರಿಗೆ ಕೇಳಿದ: ‘ನೀ ಓದಿದಾಂವ ಅದಿ, ನೀ ಅಂದದ್ದು ಖರೇನೇ ಇರಬೇಕು. ಆದ್ರ ಆಕಿ ಕೈಯಾಗಿನ ತಾಟು ಕಸಕೊಂಡಿ. ಅಂವನ ಸಲುವಾಗಿ ಮಾಡ್ಲಿಕ್ಕ ಆಕಿಗಿ ಬ್ಯಾರೆ ಏನರೆ ಕೊಟ್ಟೇನು?’

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ರತಿಜ್ಞೆ ತಪ್ಪು ಎಂದು ನಾನು ಹೇಳುತ್ತಿಲ್ಲ, ಇದನ್ನು ಸ್ಪಷ್ಟವಾಗಿ ತಿಳಿಯಿರಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದನ್ನು ಪ್ರತಿಜ್ಞೆಯಲ್ಲಿ ಸೇರಿಸಿದರು. ಅದು ಸುಮ್ಮನೆ ಸೇರಿಸಿದ್ದಲ್ಲ. ಶ್ರಾದ್ಧ ಎಂದರೆ ಸತ್ತವನ ಆತ್ಮ ಎಲ್ಲೋ ಹಸಿದು ಕೂತಿದೆ, ಅದಕ್ಕೆ ಅನ್ನ ಮುಟ್ಟಿಸಲು ನಡುವೆ ಒಬ್ಬ ಪುರೋಹಿತ ಬೇಕು ಎಂಬ ನಂಬಿಕೆ. ಆ ಪುರೋಹಿತ ನಮ್ಮ ಕೇರಿಗೆ ಬರುತ್ತಲೂ ಇರಲಿಲ್ಲ. ಬಾರದವನ ಪದ್ಧತಿಯನ್ನು ನಾವು ಸಾಲ ಮಾಡಿ ನಡೆಸುತ್ತಿದ್ದೆವು. ನಮ್ಮಜ್ಜಿ ಸತ್ತಾಗ ಹನ್ನೊಂದನೇ ದಿನದ ಊಟಕ್ಕೆ ಅಪ್ಪ ತೆಗೆದ ಸಾಲ ತೀರಲು ಮೂರು ಸುಗ್ಗಿ ಬೇಕಾಯಿತು. ಅಷ್ಟು ಚೀಲ ಹೆಚ್ಚಿಗೆ ಹೊತ್ತ. ಹಾಗಾಗಿ ಆ ಪ್ರತಿಜ್ಞೆ ನನಗೆ ಬರೀ ಪುಸ್ತಕದ ಮಾತಲ್ಲ, ಅಪ್ಪನ ಹೆಗಲಿನ ಗಂಟಿಗೆ ಸಂಬಂಧಪಟ್ಟ ಮಾತು.

ಆದರೆ ಶ್ರಾದ್ಧ ಬೇಡ ಎಂದ ಮೇಲೆ ಆ ಜಾಗದಲ್ಲಿ ಏನು? ನಮ್ಮಲ್ಲಿ ಬಹಳ ಮಂದಿ ಇಲ್ಲಿಗೇ ನಿಲ್ಲುತ್ತೇವೆ. ಬಿಟ್ಟದ್ದರ ಪಟ್ಟಿ ಬಾಯಿಪಾಠ ಬರುತ್ತದೆ, ಹಿಡಿದದ್ದು ಏನು ಎಂದು ಕೇಳಿದರೆ ತಡವರಿಸುತ್ತೇವೆ. ಮಕ್ಕಳು ಪುಸ್ತಕ ಓದಿ ಬಿಡುತ್ತೇವೆ. ಅವ್ವಂದಿರು ಐವತ್ತು ವರ್ಷ ಕೈಯಿಂದ ಮಾಡಿಕೊಂಡು ಬಂದದ್ದನ್ನು ಒಂದೇ ದಿನಕ್ಕೆ ಬಿಡಬೇಕು.

ಇಲ್ಲಿ ಸಿಗಾಲ ಸುತ್ತ. ದೀಘ ನಿಕಾಯದ 31ನೇ ಸುತ್ತ. ಕಥೆ ನಿಮಗೆ ಗೊತ್ತು. ರಾಜಗೃಹದ ಗೃಹಸ್ಥನ ಮಗ ಸಿಗಾಲ ನಸುಕಿನಲ್ಲಿ ಎದ್ದು, ಒದ್ದೆ ಬಟ್ಟೆ ಒದ್ದೆ ಕೂದಲಿನಲ್ಲಿ ಆರು ದಿಕ್ಕಿಗೆ ಕೈಮುಗಿಯುತ್ತಿದ್ದ. ಪಿಂಡಪಾತಕ್ಕೆ ಹೊರಟ ಭಗವಾನ್ ಬುದ್ಧರು ನೋಡಿ, ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದರು. ಅಪ್ಪ ಸಾಯುವಾಗ ದಿಕ್ಕುಗಳಿಗೆ ನಮಸ್ಕರಿಸು ಎಂದು ಹೇಳಿದ್ದ, ಅದಕ್ಕೆ ಮಾಡುತ್ತಿದ್ದೇನೆ ಅಂದ ಹುಡುಗ.

ಇದನ್ನು ನಾನು ಹತ್ತು ಸಲ ಓದಿದ್ದೆ, ಆರು ದಿಕ್ಕಿನ ಕರ್ತವ್ಯಗಳನ್ನು ಬೇರೆಯವರಿಗೆ ಪಾಠವನ್ನೂ ಮಾಡಿದ್ದೆ. ಅದು ಅಪ್ಪ ಸತ್ತ ಮಗನೊಬ್ಬನ ಕಥೆ ಎಂಬುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ. ಅಪ್ಪ ಹೋದ ಮೇಲೆ ಓದಿದಾಗ ಮೊದಲು ಕಂಡದ್ದು ಆ ಒದ್ದೆ ಕೂದಲು. ಚಳಿಯಲ್ಲಿ ನಿಂತಿದ್ದಾನೆ, ಅಪ್ಪನ ಕೊನೆಯ ಮಾತು ಬಿಟ್ಟರೆ ಅವನ ಹತ್ತಿರ ಬೇರೆ ಏನೂ ಇಲ್ಲ.

ಭಗವಾನರು ಏನು ಮಾಡಿದರು ನೋಡಿ. ದಿಕ್ಕಿಗೆ ಕೈಮುಗಿದರೆ ಏನೂ ಸಿಗದು ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಿನ್ನಪ್ಪ ಮೂಢ ಎನ್ನಲಿಲ್ಲ, ಮುಗಿದ ಕೈ ಬಿಡಿಸಲಿಲ್ಲ. ಆರ್ಯರ ಕ್ರಮದಲ್ಲಿ ಆರು ದಿಕ್ಕಿಗೆ ನಮಸ್ಕಾರ ಹೀಗಲ್ಲ ಎಂದಷ್ಟೇ ಹೇಳಿದರು. ಹುಡುಗನೇ, ಹಾಗಾದರೆ ಹೇಗೆ ಹೇಳಿಕೊಡಿ ಎಂದು ಕೇಳಿದ. ಆಮೇಲೆ ಪೂರ್ವ ದಿಕ್ಕು ಎಂದರೆ ತಾಯಿ ತಂದೆ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಸ್ನೇಹಿತರು, ಕೆಳಗಿನ ದಿಕ್ಕು ದುಡಿಯುವ ಆಳುಗಳು, ಮೇಲಿನ ದಿಕ್ಕು ಶ್ರಮಣರು ಎಂದು ಒಂದೊಂದಾಗಿ ಬಿಡಿಸಿದರು. ಅಪ್ಪನ ಮಾತೂ ಉಳಿಯಿತು, ಮಗನೂ ಬೆಳೆದ. ಒಂದು ಕೊಟ್ಟು ಇನ್ನೊಂದು ಇಸಕೊಂಡರು. ನಾನು ಕೊಡದೆ ಕಸಿದುಕೊಂಡೆ.

ಅಪ್ಪನ ಜೊತೆ ಈ ಸುತ್ತ ಒಮ್ಮೆ ಓದಿದ್ದೆ. ಕೆಳಗಿನ ದಿಕ್ಕಿನ ಹತ್ತಿರ ಅಪ್ಪ ನಿಲ್ಲಿಸಿದ. ಆಳಿಗೆ ಅವನ ಶಕ್ತಿ ನೋಡಿ ಕೆಲಸ ಹೇಳಬೇಕು, ಊಟ ಕೂಲಿ ಸರಿಯಾಗಿ ಕೊಡಬೇಕು, ಜಡ್ಡಾದಾಗ ನೋಡಿಕೊಳ್ಳಬೇಕು, ಹೊತ್ತಿಗೆ ಬಿಡುವು ಕೊಡಬೇಕು ಎಂದು ಅಲ್ಲಿದೆ. ‘ಚೀಲ ಹೊರೋರ ಸುದ್ದಿನೂ ಅದ ಏನು ಇದರಾಗ?’ ಅಂದ. ಅದಷ್ಟನ್ನೇ ಎರಡು ಸಲ ಓದಿಸಿಕೊಂಡ.

ಪೂರ್ವ ದಿಕ್ಕಿಗೆ, ಅಂದರೆ ತಾಯಿ ತಂದೆಗೆ, ಮಕ್ಕಳು ಮಾಡಬೇಕಾದದ್ದು ಐದು. ಸಾಕಿದವರನ್ನು ಸಾಕುವುದು, ಅವರ ಕೆಲಸಕ್ಕೆ ಹೆಗಲು ಕೊಡುವುದು, ಮನೆತನ ನಡೆಸುವುದು, ಅವರಿಂದ ಬಂದದ್ದಕ್ಕೆ ತಕ್ಕವನಾಗುವುದು. ಐದನೆಯದು ಅವರು ತೀರಿದ ಮೇಲಿನದು: ಅವರ ಹೆಸರಿನಲ್ಲಿ ದಾನ ಕೊಡುವುದು. ಸತ್ತವರಿಗಾಗಿ ಏನೂ ಮಾಡಬೇಡಿ ಎಂದು ಸುತ್ತ ಹೇಳುವುದಿಲ್ಲ. ಸತ್ತವನ ಮುಂದೆ ಇಡಬೇಡ, ಬದುಕಿರುವವನ ಕೈಗೆ ಕೊಡು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ತಪ್ಪಿದ್ದರೆ ಭಾನುವಾರ ತಿದ್ದಿ.

ಇದು ಬರೀ ಉಪದೇಶವಾಗಿ ಉಳಿದಿಲ್ಲ, ಕಲ್ಲಿನಲ್ಲಿ ಕೊರೆದಿದೆ. ನಾಸಿಕದ ಗುಹೆಗಳಲ್ಲಿ 3ನೆಯದನ್ನು ಭಿಕ್ಷುಗಳಿಗೆ ಕೊಟ್ಟವಳು ಗೌತಮಿ ಬಲಶ್ರೀ, ಗೌತಮಿಪುತ್ರ ಶಾತಕರ್ಣಿಯ ತಾಯಿ. ಅಲ್ಲಿನ ಶಾಸನದಲ್ಲಿ ಆ ಮುದುಕಿ ತೀರಿಹೋದ ಮಗನ ಗುಣಗಳನ್ನು ಸಾಲುಗಟ್ಟಲೆ ಬರೆಸಿದ್ದಾಳೆ. ಆಕೆಯ ಮೊಮ್ಮಗ ಪುಳುಮಾವಿ ಆ ಗುಹೆಗೆ ಒಂದು ಹಳ್ಳಿ ಕೊಟ್ಟು, ಅದರ ಪುಣ್ಯ ತನ್ನ ತಂದೆಗೆ ಸಲ್ಲಲಿ ಎಂದಿದ್ದಾನೆ. ಅಜಂತಾದ 26ನೇ ಗುಹೆಯನ್ನು ಮಾಡಿಸಿದ ಬುದ್ಧಭದ್ರ ಭಿಕ್ಷು, ಮನೆ ಬಿಟ್ಟವನು. ಅವನೂ ತನ್ನ ತಾಯಿ ತಂದೆಯನ್ನು ಅಲ್ಲಿನ ಶಾಸನದಲ್ಲಿ ನೆನೆದಿದ್ದಾನೆ.

ಪುಳುಮಾವಿಯ ಹೆಸರು ಹುಡುಕಲು ನಾವು ನಾಸಿಕದವರೆಗೆ ಹೋಗಬೇಕಿಲ್ಲ. ನಮ್ಮ ಭೀಮಾ ದಂಡೆಯ ಕನಗನಹಳ್ಳಿಯ ಸ್ತೂಪದ ಕಲ್ಲಿನಲ್ಲೂ ಅದಿದೆ. ‘ರಾಯೋ ಅಶೋಕೋ’ ಎಂದು ಬರೆದ ಅಶೋಕನ ಚಿತ್ರ ಸಿಕ್ಕದ್ದೂ ಅಲ್ಲೇ. ಅಪ್ಪನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಚಪ್ಪಡಿಗಳ ಮೇಲೆ ದಾನ ಕೊಟ್ಟವರ ಹೆಸರುಗಳಿವೆ ಎಂದು ವಿವರಿಸುತ್ತಿದ್ದೆ. ಅಪ್ಪ ಒಂದು ಕಲ್ಲಿನ ದಪ್ಪಕ್ಕೆ ಗೇಣು ಹಾಕಿ ನೋಡಿ, ‘ಇದನ್ನ ಹೊತ್ತೋರ ಹೆಸರು ಎಲ್ಲದ?’ ಅಂದ. ನನಗೆ ನಗು ಬಂತು. ಈಗ ಬರುವುದಿಲ್ಲ.

ಇನ್ನೊಂದು ಸುತ್ತ ಅಂಗುತ್ತರ ನಿಕಾಯದ ದುಕ ನಿಪಾತದಲ್ಲಿದೆ. ಒಂದು ಹೆಗಲ ಮೇಲೆ ತಾಯಿ, ಇನ್ನೊಂದು ಹೆಗಲ ಮೇಲೆ ತಂದೆ, ನೂರು ವರ್ಷ ಹೊತ್ತು ಸೇವೆ ಮಾಡಿದರೂ ಅವರ ಋಣ ತೀರದು. ತೀರುವುದು ಯಾವಾಗ? ಶ್ರದ್ಧೆ ಇಲ್ಲದವರಿಗೆ ಶ್ರದ್ಧೆ, ಶೀಲ ಇಲ್ಲದವರಿಗೆ ಶೀಲ, ಕೈ ಬಿಗಿ ಇದ್ದವರಿಗೆ ದಾನ, ಪ್ರಜ್ಞೆ ಇಲ್ಲದವರಿಗೆ ಪ್ರಜ್ಞೆ ಮುಟ್ಟಿಸಿದಾಗ. ಅಪ್ಪನನ್ನು ಧಮ್ಮಕ್ಕೆ ಕರೆತಂದವನು ನಾನು, ನನ್ನ ಋಣ ತೀರಿತು ಎಂದು ಒಳಗೊಳಗೇ ಹೆಮ್ಮೆ ಇತ್ತು. ಅದನ್ನು ಇಳಿಸಿದ್ದು ಅಪ್ಪನ ಪುಸ್ತಕ.

‘ಬುದ್ಧ ಮತ್ತು ಅವನ ಧಮ್ಮ’ದ ಕನ್ನಡ ಪ್ರತಿಯನ್ನು ಅಪ್ಪ ಮೂರು ವರ್ಷ ಓದಿದ. ಬೆರಳಿಟ್ಟು, ತುಟಿ ಆಡಿಸಿ, ದಿನಕ್ಕೆ ಅರ್ಧ ಪುಟ. ತಿಳಿಯದ ಕಡೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಗೀಟು ಹಾಕುತ್ತಿದ್ದ. ಭಾನುವಾರ ನಾನು ಬಿಡುವಾಗಿದ್ದರೆ ಆ ಗೀಟುಗಳನ್ನು ತೋರಿಸಿ ಕೇಳುತ್ತಿದ್ದ. ಹೇಳಿದ ಮೇಲೆ ಅದರ ಮೇಲೆ ಅಡ್ಡ ಗೀಟು ಎಳೆದು ಮುಗಿಸುತ್ತಿದ್ದ. ಕೊನೆಯ ವರ್ಷ ಪುನರ್ಜನ್ಮದ ಅಧ್ಯಾಯದ ಹತ್ತಿರ ಬಂದಿದ್ದ. ‘ಆತ್ಮ ಇಲ್ಲಂದ್ರ, ಸತ್ತ ಮ್ಯಾಲ ಏನ್ ಉಳೀತದ?’ ಎಂದು ಎರಡು ಸಲ ಕೇಳಿದ. ‘ಅದು ದೊಡ್ಡದದ ಅಪ್ಪಾ, ಮುಂದಿನ ವಾರ ಕೂತು ಹೇಳ್ತೀನಿ’ ಅಂದೆ. ಆ ವಾರ ಬರಲಿಲ್ಲ. ಅಪ್ಪ ಹೋದ ಮೇಲೆ ಪುಸ್ತಕ ತೆರೆದರೆ ಆ ಪುಟದಲ್ಲಿ ಐದು ಗೀಟುಗಳಿದ್ದವು. ಒಂದರ ಮೇಲೂ ಅಡ್ಡ ಗೀಟು ಇಲ್ಲ.

ಬಾಬಾಸಾಹೇಬರ ಜೀವನದ ಒಂದು ಘಟನೆ ಆಗ ನೆನಪಾಯಿತು. ಅವರ ತಂದೆ ಸುಭೇದಾರ್ ರಾಮಜಿ ಸಕ್ಪಾಲರು ಮಗನಿಗೆ ಪುಸ್ತಕ ಕೊಡಿಸಲು, ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಸಾಲ ಕೇಳಿ, ಅವರ ಒಡವೆ ಅಡವಿಡುತ್ತಿದ್ದವರು. 1913ರಲ್ಲಿ ಭೀಮರಾವ್ ಬರೋಡಾದಲ್ಲಿ ನೌಕರಿಗೆ ಸೇರಿ ಕೆಲವೇ ದಿನ. ತಂದೆಗೆ ಜಡ್ಡು ಎಂದು ತಂತಿ ಬಂತು. ಹೊರಟವರು ಸೂರತ್ ಸ್ಟೇಷನ್‌ನಲ್ಲಿ ತಂದೆಗೆ ಮಿಠಾಯಿ ಕೊಳ್ಳಲು ಇಳಿದರು, ರೈಲು ಬಿಟ್ಟುಹೋಯಿತು. ಮುಂಬಯಿ ತಲುಪಿದಾಗ ತಡವಾಗಿತ್ತು. ತಂದೆ ಕೊನೆಯುಸಿರಿನ ಹಂತದಲ್ಲಿದ್ದರು. ಫೆಬ್ರವರಿ 2ರಂದು ತೀರಿಕೊಂಡರು. ಧನಂಜಯ ಕೀರ್ ಬರೆದ ಚರಿತ್ರೆಯಲ್ಲಿ ಇದು ಬರುತ್ತದೆ. ಅದೇ ವರ್ಷ ಜುಲೈನಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನಲ್ಲಿದ್ದರು. ಮಗ ಕೊಲಂಬಿಯಾ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದನ್ನು ಆ ತಂದೆ ನೋಡಲಿಲ್ಲ.

ಅಪ್ಪನ ಪ್ರಶ್ನೆಗೆ ಈಗ ನನಗೆ ತಿಳಿದಷ್ಟು ಹೇಳುತ್ತೇನೆ. ಬಾಬಾಸಾಹೇಬರು ಆ ಅಧ್ಯಾಯದಲ್ಲಿ ವಿವರಿಸುವುದು ಹೀಗೆ: ಶರೀರ ಎಂದರೆ ಪೃಥ್ವಿ, ನೀರು, ಶಾಖ, ಗಾಳಿ ಎಂಬ ನಾಲ್ಕು ಧಾತುಗಳು. ಸತ್ತಾಗ ಅವು ನಾಶವಾಗುವುದಿಲ್ಲ, ಹೊರಗಿರುವ ತಮ್ಮಂಥ ಧಾತುಗಳಲ್ಲಿ ಹೋಗಿ ಸೇರುತ್ತವೆ. ಮತ್ತೆ ಹುಟ್ಟುವುದೇನಿದ್ದರೂ ಅದು ಈ ಧಾತುಗಳದ್ದು. ಇದ್ದ ಹಾಗೆಯೇ ಎದ್ದುಹೋಗಿ ಇನ್ನೊಂದು ಮೈ ಹೊಕ್ಕುವ ಆತ್ಮ ಎಂಬುದಿಲ್ಲ. ಅಂದರೆ ಅಪ್ಪ ಎಲ್ಲೂ ಹಸಿದು ಕೂತಿಲ್ಲ. ಅವ್ವನಿಗೆ ನಾನು ಮೊದಲು ಹೇಳಬೇಕಾಗಿದ್ದದ್ದು ಇದು. ತಾಟು ಎತ್ತುವ ಬದಲು ಪಕ್ಕದಲ್ಲಿ ಕೂತು, ‘ಅಪ್ಪಗ ಹಸಿವಿಲ್ಲವ್ವಾ, ಚೀಲ ಇಳಿಸ್ಯಾನ’ ಎಂದಿದ್ದರೆ ಸಾಕಾಗಿತ್ತು.

ಇನ್ನೊಂದು ಉಳಿಯುತ್ತದೆ, ಅದಕ್ಕೆ ಪುಸ್ತಕ ಬೇಡ. ಒಬ್ಬ ಮಾಡಿದ್ದು ಇನ್ನೊಬ್ಬನಲ್ಲಿ ನಡೆಯುತ್ತಲೇ ಇರುತ್ತದೆ. ಹೆಬ್ಬೆಟ್ಟಿನ ಜಾಗದಲ್ಲಿ ಬಿದ್ದ ಒಂದು ಸಹಿಯಿಂದ ನಮ್ಮ ಮನೆಯಲ್ಲಿ ಮೂವರು ಪದವಿ ಮುಗಿಸಿದ್ದಾರೆ.

ನಿನ್ನೆಯ ಮಾತು ಹೇಳಿ ಮುಗಿಸುತ್ತೇನೆ. ವಾರದ ಮುಂಚೆ ಅವ್ವನ ಹತ್ತಿರ ಕೂತು, ‘ಅಪ್ಪನ ಹೆಸರಲೆ ಏನ್ ಮಾಡೋಣ, ನೀನೇ ಹೇಳು’ ಅಂದೆ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕೇರಿ ಹುಡುಗುರಿಗಿ ಪಾಟಿ ಕೊಡಿಸು. ಊಟ ನಾ ಮಾಡ್ತೀನಿ’ ಅಂದಳು. ಈಗ ಪಾಟಿ ಯಾರೂ ಬಳಸುವುದಿಲ್ಲ, ನೋಟ್‌ಬುಕ್ ತಂದೆವು. ಬೆಳಿಗ್ಗೆ ಅಪ್ಪನ ಮಣ್ಣಿನ ಹತ್ತಿರ ನಿಂತು ತ್ರಿಸರಣ ಪಂಚಶೀಲ ಹೇಳಿ ಪುಣ್ಯಾನುಮೋದನೆ ಮಾಡಿದೆವು. ಮನೆಗೆ ಬಂದು ನಾನು ಆ ಐದು ಗೀಟುಗಳ ಪುಟವನ್ನು ಎಲ್ಲರ ಮುಂದೆ ಓದಿದೆ. ಕಾಕಾ ನಡುನಡುವೆ ಪ್ರಶ್ನೆ ಕೇಳಿದ. ಎರಡಕ್ಕೆ ಉತ್ತರ ಗೊತ್ತಾಯಿತು, ಒಂದಕ್ಕೆ ಆಗಲಿಲ್ಲ.

ಊಟಕ್ಕೆ ಕೇರಿಯ ಮಕ್ಕಳು, ಕಾಕಾನ ಪರಿಚಯದ ನಾಲ್ಕು ಜನ ಹಮಾಲರು, ನೆಂಟರು. ಅದೇ ಜೋಳದ ರೊಟ್ಟಿ, ಪುಂಡಿಪಲ್ಯ. ಬಡಿಸುವ ಮುಂಚೆ ಅವ್ವ ಒಂದು ಕಪ್ಪು ಚಹಾ ತಂದು ಅಪ್ಪನ ಫೋಟೋ ಪಕ್ಕ ಇಟ್ಟು ನನ್ನ ಮುಖ ನೋಡಿದಳು. ನಾನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವ್ವನೇ ಆ ಕಪ್ಪು ಎತ್ತಿ, ಬಾಗಿಲ ಹತ್ತಿರ ಕೂತಿದ್ದ ಒಬ್ಬ ಮುದಿ ಹಮಾಲನ ಕೈಗೆ ಕೊಟ್ಟಳು. ‘ಆರೇದ ಏನು ನೋಡ್ರಿ’ ಅಂದಳು. ಅವರು, ‘ಇಲ್ಲ, ಬೆಚ್ಚಗದ’ ಅಂದು ಕುಡಿದರು.

ಅವ್ವ ಮಾಡಿದ್ದು ಸರಿಯೋ, ನಾನು ಸುಮ್ಮನಿದ್ದದ್ದು ಸರಿಯೋ, ಬಳಗದಲ್ಲಿ ಭಿನ್ನ ಅಭಿಪ್ರಾಯ ಇರಬಹುದು. ಗ್ರೂಪಿನಲ್ಲಿ ಚರ್ಚೆ ಬೇಡ, ಭಾನುವಾರ ಎದುರೆದುರು ಮಾತಾಡೋಣ. ಬರುವಾಗ ‘ಬುದ್ಧ ಮತ್ತು ಅವನ ಧಮ್ಮ’ ತನ್ನಿ, ಪುನರ್ಜನ್ಮದ ಅಧ್ಯಾಯ ತೆಗೆಯುತ್ತೇವೆ. ಅಪ್ಪನ ಪ್ರತಿ ನಾನು ತರುತ್ತೇನೆ. ಅದರಲ್ಲಿ ಇನ್ನೂ ಒಂದು ಗೀಟು ಉಳಿದಿದೆ.

ನಮೋ ಬುದ್ಧಾಯ. ಜೈ ಭೀಮ್.